ಮಗ್ಗದ ಕೋಣೆಯ ವೈಫೈ

ಕಳ್ಳನ ಹೆಸರು ಫೋನಿನ ಪರದೆಯ ಮೇಲೆಯೇ ಇತ್ತು: 'ಮಾರಣ್ಣ ಟಿವಿ'.

ಅಶ್ವಥ್ ಮತ್ತೊಮ್ಮೆ ಓದಿದ. ವೈಫೈಗೆ ಯಾರ್ಯಾರು ಅಂಟಿಕೊಂಡಿದ್ದಾರೆಂದು ತೋರಿಸುವ ಆ್ಯಪ್ ಅದು. ಮನೆಯಲ್ಲಿದ್ದುದು ಮೂರು ಫೋನು; ಪಟ್ಟಿಯಲ್ಲಿದ್ದವು ಏಳು ಹೆಸರು. ಮಾರಣ್ಣ ಪಕ್ಕದ ಮನೆಯವರು. ನಡುವೆ ಒಂದೇ ಗೋಡೆ.

"ನಮ್ಮ ನೆಟ್ಟು ಕದೀತಾ ಅವ್ರೆ!"

ಹೆಂಡತಿ ರಂಜಿತಾ ಮಗ್ಗದಿಂದ ತಲೆಯೆತ್ತಲಿಲ್ಲ. "ಬಿಡ್ರಿ. ಹೆಂಗೋ ಬರ್ತೈತಲ್ಲ. ನೀವೇನೂ ಮುಟ್ಟಬ್ಯಾಡಿ."

"ವದ್ದುರಾ, ಮುಟ್ಟಬ್ಯಾಡ," ಎಂದು ತೆಲುಗು ಬೆರೆಸಿ ತಡೆದರು ತಾಯಿ ಪೆದ್ದಮ್ಮ, ಗಾಬರಿಯಿಂದ.

ಅವರ ಗಾಬರಿಗೆ ಕಾರಣವಿತ್ತು. ರೇಷ್ಮೆಗೆ ಬಣ್ಣ ಹಾಕುವುದು ಅಶ್ವಥನ ಕಸುಬು. ರಿಪೇರಿ ಅವನ ಚಟ. ಅವನು ಬಿಚ್ಚಿ ಜೋಡಿಸಿದ ಮಿಕ್ಸಿಯ ಮುಚ್ಚಳ ಸೂರಿಗೆ ಹಾರಿತ್ತು. ಇಸ್ತ್ರಿಪೆಟ್ಟಿಗೆ ಮೊಳಕಾಲ್ಮೂರಿನ ಅರ್ಧ ಬೀದಿಯನ್ನೇ ಕತ್ತಲು ಮಾಡಿತ್ತು. "ನಂದು ಕೈಯಲ್ಲ, ಗುಜರಿ ಅಂಗಡಿ," ಎಂದು ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ.

ಗೆದ್ದದ್ದು ವೈಫೈ ಒಂದೇ. ಕೇಬಲ್‌ನವನು ಬೀದಿಯ ರೂಟರ್‌ಗಳಿಗೆಲ್ಲ ಒಂದೇ ಹೆಸರಿಟ್ಟು, ಇವರದನ್ನು ಮುಂಬಾಗಿಲ ಪಕ್ಕ ಮೊಳೆಗೆ ತಗುಲಿಸಿ ಹೋಗಿದ್ದ. ಹಿಂದಿನ ಮಗ್ಗದ ಕೋಣೆಗೆ ಸಿಗ್ನಲ್ ಮುಟ್ಟುತ್ತಿರಲಿಲ್ಲ. ಅಶ್ವಥ್ ವೈರು ಕತ್ತರಿಸಿ, ರೂಟರ್ ಅಲ್ಲಿಗೆ ಮುಟ್ಟುವಷ್ಟು ಉದ್ದ ಮಾಡಿ, ತಾನೇ ಪಿನ್ನು ಕಚ್ಚಿಸಿದ. ಮೂರು ದಿನ ಮನೆಯಲ್ಲೆಲ್ಲೂ ಏನೂ ಬರಲಿಲ್ಲ. ನಾಲ್ಕನೆಯ ದಿನ ಕೆಲಸದಿಂದ ಬಂದು ನೋಡಿದರೆ ರಂಜಿತಾ ಮಗ್ಗದ ಬಳಿಯೇ ವಿಡಿಯೊ ನೋಡುತ್ತಿದ್ದಳು. ಅವನ ಫೋನನ್ನೂ ಅವಳೇ ಜೋಡಿಸಿಕೊಟ್ಟಳು.

"ವೈರು ಸೆಟ್ ಆಗೋಕೆ ಟೈಮ್ ಬೇಕಿತ್ತು ನೋಡು," ಎಂದ ಅಶ್ವಥ್. ಅಂದಿನಿಂದ ಸಿಕ್ಕವರಿಗೆಲ್ಲ ಅದನ್ನೇ ವಿವರಿಸಿದ.

ಈಗ ಕಳ್ಳನ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ರಂಜಿತಾ ತನ್ನ ಸೀರೆಯನ್ನು ವಿಡಿಯೊದಲ್ಲಿ ತೋರಿಸಬೇಕಿತ್ತು. ದಿಲ್ಲಿಯ ಕೈಮಗ್ಗ ಪ್ರದರ್ಶನಕ್ಕೆ ನಾಡಿನಿಂದ ಮೂವರ ಆಯ್ಕೆ. ಸೆರಗಿನ ನವಿಲುಗಳಿಗೆ ಅವಳು ನಾಲ್ಕು ತಿಂಗಳು ಕೂತಿದ್ದಳು. ಎರಡು ದಿನದಿಂದ ಚಿತ್ರ ನಿಂತು ನಿಂತು ಬರುತ್ತಿತ್ತು.

ಅಶ್ವಥ್ ಲ್ಯಾಪ್‌ಟಾಪನ್ನು ರೂಟರ್‌ಗೆ ವೈರಿನಲ್ಲಿ ಜೋಡಿಸಿ ಪಾಸ್‌ವರ್ಡ್ ಬದಲಿಸಿದ. ಇಪ್ಪತ್ತೆರಡು ಅಕ್ಷರ, ಬರೆದುಕೊಳ್ಳದಿದ್ದರೆ ಅವನಿಗೇ ನೆನಪಿರುತ್ತಿರಲಿಲ್ಲ. ಮನೆಯ ಫೋನುಗಳು ಹೊಸ ಪಾಸ್‌ವರ್ಡ್ ಕೇಳದೆಯೇ ಓಡುತ್ತಲೇ ಇದ್ದವು.

"ಮನೆಯವ್ರು ಯಾರು ಅಂತ ಅದಕ್ಕೆ ಗೊತ್ತಾಗೈತೆ!" ಎಂದು ಬೀಗಿದ.

ಆ್ಯಪ್ ತೆರೆದ. 'ಮಾರಣ್ಣ ಟಿವಿ' ಅಲ್ಲೇ ಇತ್ತು.

ಇಪ್ಪತ್ತೆರಡು ಅಕ್ಷರವನ್ನೂ ಮುರಿಯಬಲ್ಲ ಕಳ್ಳ! ಅಶ್ವಥ್ ಚಪ್ಪಲಿ ಮೆಟ್ಟಿದ. ರಂಜಿತಾ ಮಗ್ಗದ ಗುಂಡಿಯಿಂದ ಎದ್ದು ಬರುವಷ್ಟರಲ್ಲಿ ಅವನು ಪಕ್ಕದ ಮನೆಯ ಕಟ್ಟೆ ಹತ್ತಿಯಾಗಿತ್ತು.

"ಮಾರಣ್ಣರೇ, ಜಗಳಕ್ಕೆ ಬಂದಿಲ್ಲ. ನಾಳೆ ರಂಜಿತಾ ಸೀರೆ ತೋರ್ಸೋದೈತೆ. ನಿಮ್ಮ ಟಿವಿಯಿಂದ ನೆಟ್ಟು ನಿಂತು ನಿಂತು ಬರ್ತೈತೆ."

ಮಾರಣ್ಣನ ಮುಖ ಸಪ್ಪಗಾಯಿತು. "ಅಯ್ಯೋ, ಮೊದ್ಲೇ ಹೇಳ್ಬಾರದಾ? ಎರಡು ದಿನದಿಂದ ಮೊಮ್ಮಕ್ಕಳು ಬಂದವ್ರೆ, ಟಿವಿ ಬಿಟ್ಟು ಏಳಲ್ಲ. ತಪ್ಪಾಯ್ತಪ್ಪ. ನಾಳೆ ಸೀರೆ ತೋರ್ಸೋ ತನಕ ಯಾರೂ ಮುಟ್ಟಲ್ಲ."

ಇಷ್ಟು ಸಲೀಸಾಗಿ ಒಪ್ಪಿಕೊಂಡ ಕಳ್ಳನ ಮೇಲೆ ಅಶ್ವಥನಿಗೆ ಮರುಕ ಬಂತು. "ಆಮೇಲೆ ಬೇಕಾದ್ರೆ ನೋಡ್ಕೊಳ್ಳಿ. ನಾನೇನು ಬ್ಯಾಡ ಅನ್ನಲ್ಲ."

ಮಾರಣ್ಣ ಅವನನ್ನೇ ಒಂದು ಗಳಿಗೆ ನೋಡಿದರು. "ದೊಡ್ಡ ಮನಸ್ಸು ಕಣಪ್ಪ ನಿಂದು."

ಮರುದಿನ ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಆಯ್ಕೆಗಾರರು ನವಿಲಿನ ಕಣ್ಣನ್ನು ಹತ್ತಿರದಿಂದ ತೋರಿಸಲು ಕೇಳಿದರು; ರಂಜಿತಾ ತೋರಿಸಿದಳು. ಒಂದೊಂದು ಎಳೆಯೂ ಸ್ಪಷ್ಟ. ಮಧ್ಯಾಹ್ನ ಫೋನು ಬಂತು. ಮೂವರಲ್ಲಿ ಅವಳೊಬ್ಬಳು. ಪೆದ್ದಮ್ಮ ಸೊಸೆಯ ಕೆನ್ನೆ ಸವರಿ ಅತ್ತರು.

"ನೇಯ್ಗೆ ನಿಂದು, ನೆಟ್ಟು ನಂದು!" ಎಂದ ಅಶ್ವಥ್. ಅವನ ಕಣ್ಣೂ ಒದ್ದೆಯಾಗಿತ್ತು. ರಂಜಿತಾ ಏನೋ ಹೇಳಲು ಬಾಯಿ ತೆರೆದು, ಅವನ ಮುಖ ನೋಡಿ ಸೀರೆ ಮಡಚತೊಡಗಿದಳು.

ಸಂಜೆ ಮಾರಣ್ಣ ಬ್ಯಾಗು ಹಿಡಿದು ಬಾಗಿಲಿಗೆ ಬಂದರು. ಪರಶುರಾಂಪುರದಲ್ಲಿ ನೆಂಟರ ಮದುವೆ, ಮನೆಮಂದಿಯೆಲ್ಲ ನಾಲ್ಕು ದಿನ ಇರುವುದಿಲ್ಲವೆಂದರು. ಆಯ್ಕೆಯ ಸುದ್ದಿ ಕೇಳಿ ಹಿಗ್ಗಿದರು. ನಂತರ ಅಶ್ವಥ್ ಚಾಚಿದ ಕೈಯನ್ನು ದಾಟಿ ಒಂದು ಬೀಗದ ಕೈಯನ್ನು ರಂಜಿತಾಳಿಗೆ ಕೊಟ್ಟರು.

"ನಮ್ಮನೆ ರೂಟರ್ ನಿಂತ್ರೆ ನಿಮ್ಮನೇಲೂ ನೆಟ್ಟು ಹೋಗ್ತೈತಲ್ಲಮ್ಮ, ಒಂದ್ಸಲ ಆಫ್ ಮಾಡಿ ಆನ್ ಮಾಡು, ಇವನನ್ನ ಮಾತ್ರ ಒಳಗೆ ಬಿಡಬ್ಯಾಡ."