ಬಿದಿರು ಮೆಳೆಯ ‘ರೀ’

‘ರೀ...’

ಬಿದಿರು ಮೆಳೆಯೊಳಗಿಂದ ಹೆಂಗಸಿನ ದನಿ ಕೇಳಿದ್ದೇ ತಡ, ಕೆರೆ ದಂಡೆಯ ಮೇಲಿದ್ದ ಮೂವರು ಗಂಡಸರು ಒಟ್ಟಿಗೆ ತಿರುಗಿದರು. ಮದುವೆಯಾದವನಿಗೆ ಆ ಕರೆ ಎಲ್ಲಿ ಕೇಳಿದರೂ ಕತ್ತು ತಾನಾಗಿಯೇ ತಿರುಗುತ್ತದೆ. ಇಬ್ಬರು ಹಕ್ಕಿ ನೋಡಲು ಬಂದವರು. ತಂತಮ್ಮ ಹೆಂಡಿರು ಪಕ್ಕದಲ್ಲೇ ನಿಂತಿರುವುದನ್ನು ಕಂಡು ಮತ್ತೆ ದುರ್ಬೀನಿಗೆ ಕಣ್ಣಿಟ್ಟರು. ಮೂರನೆಯವನು ಅಭಯಾರಣ್ಯದ ಕಾವಲುಗಾರ. ಆ ದನಿ ಅವನ ಹೆಂಡತಿಯದೇ.

ಸುತ್ತ ಬಸ್ಸು ಓಡುವ ರಸ್ತೆಗಳು, ನಡುವೆ ಒಂದು ಕೆರೆ, ಒಂದಿಷ್ಟು ಕಾಡು. ಅಲ್ಲಿ ಅವನು ಕೆರೆ ಕಾಯುವವನು, ಅವಳು ಗೇಟಿನಲ್ಲಿ ಟಿಕೆಟ್ ಕೊಡುವವಳು. ಕಳೆದ ವಾರ ಸಾಹೇಬರು ಅವಳನ್ನು ಕರೆಸಿ, ಮೇಲ್ವಿಚಾರಕಿ ಆಗುತ್ತೀಯಾ ಎಂದು ಕೇಳಿದ್ದರು. ಎಂದರೆ ಗಂಡನೂ ಸೇರಿ ಎಲ್ಲ ಕಾವಲುಗಾರರೂ ಅವಳ ಕೈಕೆಳಗೆ. ಇವನು ತಮಾಷೆಗೆಂದು ನಾಲ್ಕು ಜನರ ಎದುರಿಗೇ, ಇನ್ನು ಮನೆಯಲ್ಲೂ ಹಾಜರಿ ಹಾಕಿ ಊಟಕ್ಕೆ ಕೂರಬೇಕೇನೋ ಎಂದುಬಿಟ್ಟ. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅವಳ ಬಾಯಲ್ಲಿ ‘ರೀ’ ಬಂದಿಲ್ಲ. ಮನೆಯಲ್ಲೂ ‘ಗಾರ್ಡ್, ನೀರು ಕಾದಿದೆ,’ ‘ಗಾರ್ಡ್, ಬಾಗಿಲು ಹಾಕ್ಕೊಳ್ಳಿ.’

ಈ ಸಂಜೆಯೊಳಗೆ ಅವಳು ಸಾಹೇಬರಿಗೆ ಉತ್ತರ ಹೇಳಬೇಕಿತ್ತು. ತನ್ನ ಬಾಯಿಚಪಲಕ್ಕೆ ಅವಳು ಬೇಡವೆಂದುಬಿಟ್ಟರೆ ಎಂಬ ಯೋಚನೆಯಲ್ಲಿ ಅವನಿಗೆ ಬೆಳಗಿನ ತಿಂಡಿಯೂ ರುಚಿಸಿರಲಿಲ್ಲ. ತಪ್ಪಾಯಿತು ಎನ್ನಲು ನಾಲಿಗೆ ಏಳದು; ಗಂಡಸಿನ ಬಿಗುಮಾನ.

ಮೆಳೆಯ ಸುತ್ತ ಹುಡುಕಿದ. ಯಾರೂ ಇರಲಿಲ್ಲ. ಅವಳೇ ಬಂದು, ಕರೆದು, ನಾಚಿಕೊಂಡು ಹಿಂದಿರುಗಿರಬೇಕು ಎಂದು ತಾನೇ ತೀರ್ಮಾನಿಸಿದ. ಸೋತವನೆನಿಸಿಕೊಳ್ಳದೆ ಸೋಲುವ ದಾರಿ ಹುಡುಕುತ್ತಿದ್ದವನಿಗೆ ಅಷ್ಟು ಸಾಕಾಯಿತು. ದಾಪುಗಾಲು ಹಾಕುತ್ತ ಗೇಟಿಗೆ ಬಂದ.

ಅವಳು ಕಿಟಕಿಯೊಳಗೆ ಕೂತು ಟಿಕೆಟ್ ಕಂತೆಗೆ ಮೊಹರು ಒತ್ತುತ್ತಿದ್ದಳು.

‘ಕರೆದೆಯಲ್ಲ, ಬಂದೆ’ ಎಂದ.

‘ನಾನೆಲ್ಲಿ ಕರೆದೆ? ಬೆಳಗ್ಗೆಯಿಂದ ಇಲ್ಲೇ ಕೂತಿದೀನಿ.’

ಅಷ್ಟರಲ್ಲಿ ತಗಡಿನ ಸೂರಿನ ಮೇಲಿಂದ ಮತ್ತೆ ಅದೇ ದನಿ, ‘ರೀ...’ ಅವಳ ಬಾಯಿ ಮುಚ್ಚಿಯೇ ಇತ್ತು. ಇಬ್ಬರೂ ತಲೆಯೆತ್ತಿದರು. ಅಲ್ಲಿದ್ದದ್ದು ನಿನ್ನೆಯಷ್ಟೇ ಹಾರಿಬಿಟ್ಟ ಗೊರವಂಕ. ಹಕ್ಕಿ ಮಾರುವವನಿಂದ ಬಿಡಿಸಿ ತಂದಾಗ ಅದರ ರೆಕ್ಕೆಯ ಗರಿಗಳನ್ನು ಕತ್ತರಿಸಲಾಗಿತ್ತು. ಹೊಸ ಗರಿ ಬರುವವರೆಗೆ ಟಿಕೆಟ್ ಕೋಣೆಯ ಪಂಜರದಲ್ಲೇ ಅದರ ವಾಸ. ಅವಳು ಗಂಡನನ್ನು ಕರೆಯುವುದನ್ನು ಕೇಳಿ ಕೇಳಿ, ಕಾಡಿಗೆ ಹೋಗುವ ಮೊದಲು ಅದು ಸಂಸಾರ ಕಲಿತುಬಿಟ್ಟಿತ್ತು. ಈಗ ಕಾಳಿಗೆಂದು ಮರಳಿ ಬಂದಿತ್ತು.

ಅವಳು ತುಟಿ ಕಚ್ಚಿ ನಗು ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅವನಿಗೂ ಆಗಲಿಲ್ಲ. ಕರೆದದ್ದು ಹಕ್ಕಿ, ಬಂದದ್ದು ತಪ್ಪಿ ಎಂದು ಹಿಂದಿರುಗಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದಳು; ಅವನಿಗೆ ಹೋಗಲು ಮನಸ್ಸಾಗಲಿಲ್ಲ.

‘ಅವತ್ತು ಹಾಗನ್ನಬಾರದಿತ್ತು, ತಪ್ಪಾಯ್ತು’ ಎಂದ. ‘ನೀನು ಒಪ್ಕೋ. ನಿನ್ನ ಕೈಕೆಳಗೆ ಕೆಲಸ ಮಾಡೋಕೆ ನಂಗೇನೂ ಬೇಜಾರಿಲ್ಲ.’

ಅವಳು ಮೊಹರನ್ನು ಪಕ್ಕಕ್ಕಿಟ್ಟಳು. ಸಂತೋಷವಾಗಿದ್ದು ಮುಖದಲ್ಲೇ ಕಾಣುತ್ತಿತ್ತು.

‘ಬೆಳಗ್ಗೇನೇ ಸಾಹೇಬ್ರಿಗೆ ಫೋನ್ ಮಾಡಿ ಒಪ್ಕೊಂಡಾಯ್ತು’ ಎಂದಳು. ‘ಈಗ ಹೇಳಿ, ಕೆರೆ ಹತ್ರ ಕಾವಲಿಗೆ ಯಾರಿದಾರೆ?’