ಒಮ್ಮೆ ಜಗ್ಗಿ ನೋಡ್ರಿ ಸರ

ಮೊದಲೇ ಹೇಳಿಬಿಡುತ್ತೇನೆ... ಈ ಕಥೆಯಲ್ಲಿ ದಡ್ಡ ಅಂತ ಯಾರಾದರೂ ಇದ್ದರೆ ಅದು ನಾನೇ. ಪೂರ್ತಿ ಓದಿ, ಆಮೇಲೆ ಬೇಕಾದಷ್ಟು ನಗಿ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಟ್ರೇನಿಂಗ್ ಸೆಂಟರ್ ಇದೆ. ಕಲಿಸುವುದು ಕ್ಲೌಡ್ ಸೆಕ್ಯೂರಿಟಿ.

ಅಂದರೆ... ನಮ್ಮ ಫೋಟೋ, ಫೈಲು, ಆಸ್ಪತ್ರೆಯ ರಿಪೋರ್ಟು ಯಾವುದೂ ಈಗ ನಮ್ಮ ಕಪಾಟಿನಲ್ಲಿಲ್ಲ. ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿವೆ. ಅವು ಕಂಡಕಂಡವರ ಕೈಗೆ ಸಿಗದಂತೆ ಕಾಯುವ ವಿದ್ಯೆ ಇದು.

ಕಳೆದ ವರ್ಷದ ಬ್ಯಾಚಿನಲ್ಲಿ ಇಪ್ಪತ್ತು ಜನ ಹುಡುಗ ಹುಡುಗಿಯರು... ಅವರ ನಡುವೆ ಕಸ್ತೂರಿ ಹೂಗಾರ. ವಯಸ್ಸು ನಲವತ್ತೆಂಟು.

ಒಂದು ಆಸ್ಪತ್ರೆಯ ರೆಕಾರ್ಡ್ ರೂಮನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವರು. ಆಸ್ಪತ್ರೆಯ ಫೈಲುಗಳೆಲ್ಲ ಕ್ಲೌಡಿಗೆ ಹೋಗುತ್ತಿದ್ದವು. ಈ ಸರ್ಟಿಫಿಕೇಟ್ ತಂದರೆ ಹೊಸ ರೆಕಾರ್ಡೂ ಅವರ ಕೈಗೆ, ಇಲ್ಲದಿದ್ದರೆ ಮನೆಗೆ ಎಂದು ಮ್ಯಾನೇಜರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಎರಡು ಸಲ ಪರೀಕ್ಷೆ ಬರೆದರು. ಎರಡು ಸಲವೂ ಫೇಲ್...

ವಿಷಯ ಗೊತ್ತಿಲ್ಲ ಅಂತಲ್ಲ. ಟೈಮ್ ಸಾಲುತ್ತಿರಲಿಲ್ಲ. ಒಂದು ಕೆಲಸ ಮುಗಿಸಿದರೆ ಮುಂದಕ್ಕೆ ಹೋಗುವುದು ಬಿಟ್ಟು, ಅದನ್ನೇ ಮತ್ತೆ ಹೊರಗಿನವರ ಹಾಗೆ ತೆರೆಯಲು ಯತ್ನಿಸುತ್ತ ಕೂರುತ್ತಿದ್ದರು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

"ಅಕ್ಕಾರ, ಇದು ಕ್ಲೌಡ್ ಐತ್ರಿ! ಹಿಂಗ ಜಗ್ಗಿ ಜಗ್ಗಿ ನೋಡಾಕ ಇಲ್ಲಿ ಬಾಗಲದ ಕೀಲಿ ಎಲ್ಲೈತಿ?" ಅಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಅವರೂ ನಕ್ಕರು, ಪಾಪ. "ರೂಢಿ ಆಗೇತ್ರಿ ಸರ... ಕೀಲಿ ಹಾಕಿದ ಮ್ಯಾಲೆ ಒಮ್ಮೆ ಜಗ್ಗಿ ನೋಡಲಿಲ್ಲಂದ್ರ ನನಗ ಕಾಲ ಮುಂದ ಹೋಗಂಗಿಲ್ಲ."

ಮೂರನೆಯ ಪರೀಕ್ಷೆಗೆ ಇನ್ನು ಹನ್ನೊಂದು ದಿನ. ಆಸ್ಪತ್ರೆ ಕೊಟ್ಟ ಗಡುವಿನೊಳಗೆ ಅದೇ ಕೊನೆಯದು.

ಅವತ್ತು ನಾನು ಪರದೆಯ ಮೇಲೆ ಡೆಮೊ ತೋರಿಸುತ್ತಿದ್ದೆ. ನಮ್ಮ ಸೆಂಟರಿನದೇ ಅಡ್ಮಿಶನ್ ಫೋಲ್ಡರ್. ಅದನ್ನು ನೋಡಲು ಅನುಮತಿ ಇದ್ದ ಹೊರಗಿನವರ ಹೆಸರುಗಳನ್ನೆಲ್ಲ ಟಕಟಕ ಅಂತ ತೆಗೆದೆ.

"ಆತು ನೋಡ್ರಿ! ಇನ್ನ ಇರುವೀನೂ ಒಳಗ ಬರಂಗಿಲ್ಲ" ಅಂತ ಮೀಸೆ ತಿರುವಿದೆ.

ಹಿಂದಿನ ಬೆಂಚಿನಿಂದ ಮೆಲ್ಲಗೆ ಒಂದು ದನಿ...

"ಸರ... ಇದು ಇನ್ನೂ ತೆರದೇ ಐತಲ್ರಿ."

ಕಸ್ತೂರಿ ಅಕ್ಕಾರು ಫೋನ್ ಎತ್ತಿ ಹಿಡಿದಿದ್ದರು. ಎರಡು ತಿಂಗಳ ಹಿಂದೆ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ನಾನೇ ಕಳಿಸಿದ್ದ ಹಳೆಯ ಲಿಂಕನ್ನು, ಲಾಗಿನ್ ಆಗದೆ ಒತ್ತಿದ್ದರು.

ಇಪ್ಪತ್ತೊಂದು ಜನರ ಆಧಾರ್ ಕಾರ್ಡು, ಫೋನ್ ನಂಬರು, ಮನೆಯ ವಿಳಾಸ... ಎಲ್ಲವೂ ಕಾಣುತ್ತಿತ್ತು.

ಹೆಸರುಗಳನ್ನು ತೆಗೆದಿದ್ದೆ. 'ಲಿಂಕ್ ಇದ್ದ ಯಾರಾದರೂ ನೋಡಬಹುದು' ಎಂದು ಲಿಂಕ್ ಕಳಿಸುವಾಗ ಅವಸರದಲ್ಲಿ ಇಟ್ಟಿದ್ದನ್ನು ಮರೆತೇಬಿಟ್ಟಿದ್ದೆ!

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಲ್ಲಿ ಬಿದ್ದಿತ್ತಂತೆ... ನಾನು ಆ ಹಲ್ಲಿ. ತಕ್ಷಣ ಲಿಂಕ್ ಬಂದ್ ಮಾಡಿದೆ. ಕ್ಲಾಸಿನಲ್ಲಿ ಯಾರೂ ನಗಲಿಲ್ಲ, ಕಸ್ತೂರಿ ಅಕ್ಕಾರಂತೂ ನಗಲೇ ಇಲ್ಲ.

ಎಲ್ಲರೂ ಹೋದ ಮೇಲೆ ಕೇಳಿದೆ. "ಅಕ್ಕಾರ, ಈ ರೂಢಿ ನಿಮಗ ಎಲ್ಲಿಂದ ಬಂತ್ರಿ?"

ಅವರು ಚೀಲದ ಜಿಪ್ ಎಳೆದು, ಅದನ್ನೂ ಒಮ್ಮೆ ಜಗ್ಗಿ ನೋಡಿ ಹೇಳಿದರು.

"ಕೆಲಸಕ್ಕ ಸೇರಿದ ಹೊಸದರಾಗ ಒಂದಿನ ರೆಕಾರ್ಡ್ ರೂಮಿಗೆ ಕೀಲಿ ಹಾಕಿದೆ, ಜಗ್ಗಲಿಲ್ಲ. ಅದು ಬಿದ್ದಿರಲಿಲ್ರಿ. ಯಾರೋ ಒಳಗ ಹೋಗಿ ಒಂದು ಹುಡುಗಿ ಫೈಲ್ ಓದಿದ್ರು... ಸುದ್ದಿ ಗಂಡಿನ ಮನಿಗೆ ಮುಟ್ಟಿ, ನಿಶ್ಚಯ ಆಗಿದ್ದ ಅಕೀ ಮದುವಿ ಮುರೀತು."

"ಆ ಹುಡುಗಿ ಅವ್ವ ಬಂದು ನನ್ನ ಮುಂದ ನಿಂತಳ್ರಿ. ಒಂದು ಮಾತೂ ಆಡಲಿಲ್ಲ... ಬೈದಿದ್ರ ನನ್ನ ಮನಸ್ಸರ ಹಗರ ಆಗ್ತಿತ್ತು."

ಈ ರೂಢಿಯನ್ನೇ ಆಡಿಕೊಂಡು ನಾನು ಕ್ಲಾಸನ್ನೆಲ್ಲ ನಗಿಸಿದ್ದೆನಲ್ಲ!

"ಜಗ್ಗೂದು ಬಿಡಬ್ಯಾಡ್ರಿ ಅಕ್ಕಾರ. ಉಳಿದಿದ್ದನ್ನ ಲಗೂನ ಮುಗಿಸೂದು ಕಲಿಯೂಣು" ಅಂದೆ.

ಹನ್ನೊಂದು ದಿನವೂ ಕ್ಲಾಸ್ ಮುಗಿದ ಮೇಲೆ ಒಂದೊಂದು ತಾಸು ಕೂತೆವು. ನಕ್ಕಿದ್ದ ಹುಡುಗರೇ ಕೀಬೋರ್ಡಿನ ಶಾರ್ಟ್‌ಕಟ್‌ಗಳನ್ನು ಹಾಳೆಯಲ್ಲಿ ಬರೆದುಕೊಟ್ಟರು. ಅಕ್ಕಾರು ಸೊಸೆಗೆ ಅಡುಗೆಮನೆ ಒಪ್ಪಿಸುವ ಅತ್ತೆಯ ಹಾಗೆ ಎಲ್ಲದಕ್ಕೂ ಪ್ರಶ್ನೆ ಕೇಳಿ ಕೇಳಿ ನಮ್ಮನ್ನು ಸುಸ್ತು ಮಾಡಿದರು, ಅದು ಬೇರೆ ಮಾತು!

ಪರೀಕ್ಷೆಯ ದಿನ ನಾನು ಹೊರಗೆ ಚಹಾದಂಗಡಿಯಲ್ಲಿ ಕಾಯುತ್ತಿದ್ದೆ. ಮೂರು ಚಹಾ ಕುಡಿದರೂ ಅವರ ಸುಳಿವಿಲ್ಲ...

ಕೊನೆಗೆ ಬಂದರು. ಕೈಯಲ್ಲೊಂದು ಹಾಳೆ.

"ಪಾಸ್ ಅಂತ ಬಂದೈತ್ರಿ ಸರ... ಖರೇನ ಐತೋ ಇಲ್ಲೋ, ನೀವೊಮ್ಮೆ ನೋಡ್ರಿ."

ನೋಡಿದೆ. ಪಾಸ್!

"ಇನ್ನೊಮ್ಮೆ ನೋಡ್ರಿ."

ಮತ್ತೆ ನೋಡಿದೆ. "ಪಾಸ್ ಐತ್ರಿ ನಮ್ಮವ್ವಾ! ಎಷ್ಟ ಜಗ್ಗಿದ್ರೂ ಬಿಚ್ಚಂಗಿಲ್ಲ!"

ಅಷ್ಟಕ್ಕೇ ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ಕೆಲಸ ಉಳಿಯಿತಲ್ಲ, ಆ ಖುಷಿಗೆ ಅಂದುಕೊಂಡೆ.

"ಕೆಲಸದ್ದಷ್ಟೇ ಅಲ್ರಿ ಸರ..." ಅಂದರು. "ಆ ಹುಡುಗಿ ಫೈಲೂ ಈಗ ಕ್ಲೌಡಿಗೆ ಹೋಗೇತಿ. ಬ್ಯಾರೆಯವರ ಕೈಯಾಗ ಬಿಟ್ಟು ಹೋಗಾಕ ನನಗ ಮನಸ್ಸಿರಲಿಲ್ರಿ. ಈ ಸಲ ಯಾರೂ ಒಳಗ ಹೋಗಂಗಿಲ್ಲ."

ನಾನೂ ಅತ್ತೆ. ಚಹಾದಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ಫೇಲ್ ಆತೇನ್ರಿ?" ಅಂತ ಕೇಳಿದ!

ಈಗ ನನ್ನ ಪ್ರತಿ ಬ್ಯಾಚಿನ ಮೊದಲ ಪಾಠ ಕಸ್ತೂರಿ ಅಕ್ಕಾರದ್ದು. ಒಂದು ಹಳೆಯ ಬೀಗ ತಂದು ಟೇಬಲ್ ಮೇಲೆ ಇಡುತ್ತಾರೆ... ಹಾಕಿ, ಜಗ್ಗಿ ತೋರಿಸುತ್ತಾರೆ.

*ಬೀಗ ಹಾಕುವುದು ಕೆಲಸ... ಹಾಕಿದ ಮೇಲೆ ಜಗ್ಗಿ ನೋಡುವುದು ಕಾಳಜಿ.*

ಅವಸರದಲ್ಲಿ ನೀವು ನಕ್ಕುಬಿಟ್ಟ ಯಾರದೋ ಒಂದು ರೂಢಿಯ ಹಿಂದೆ ಎಂಥ ನೋವಿದೆ ಎಂದು ಎಂದಾದರೂ ಕೇಳಿದ್ದೀರಾ?