ಗುಲಗಂಜಿ ಹುಳದ ಗಂಟೆ

ಊರಲ್ಲೆಲ್ಲ ವಿಷ ಸಿಂಪಡಿಸೋದು ನಿಂತ ಮೇಲೆ ಗಿಡದ ಹೇನು ತಿನ್ನುವ ಗುಲಗಂಜಿ ಹುಳಗಳದ್ದೇ ದರ್ಬಾರು. ಬಿಸಿಲೇರಿ ಅವು ತಿನ್ನುವುದನ್ನು ಬಿಟ್ಟವೋ, ಪ್ಲಾಸ್ಟಿಕ್ ಹೊದಿಸಿ ಬೆಳೆ ತೆಗೆಯುವ ಪಾಲಿಹೌಸಿನಲ್ಲಿ ಗಂಟೆ ಹೊಡೆಯುತ್ತಿತ್ತು. ಹೆಂಗಸರು ಅವನ್ನು ಬ್ರಷ್ಷಿನಿಂದ ಮೆಲ್ಲಗೆ ಡಬ್ಬಿಗಿಳಿಸಿ ಎಸಿ ಕೋಣೆಗೆ ಸೇರಿಸಬೇಕು. ಆಮೇಲೆ ಅದೇ ಉರಿಯಲ್ಲಿ ನಿಂತು, ದೊಣ್ಣೆ ಮೆಣಸಿನ ಗಿಡಗಳ ಹೇನನ್ನು ತಾವೇ ಬಟ್ಟೆಯಿಂದ ಒರೆಸಬೇಕು.

ಇವತ್ತು ಹಾಗೆ ಒರೆಸುತ್ತಲೇ ಚಿಕ್ಕತಾಯಿ ಎಂಬವಳು ತಲೆ ತಿರುಗಿ ಬಿದ್ದಳು. ಪಕ್ಕದ ಸಾಲಿನಲ್ಲಿ ಒರೆಸುತ್ತಿದ್ದ ಕೆಂಪಾಜಮ್ಮ ಅವಳನ್ನು ತಬ್ಬಿ ಎತ್ತಿಕೊಂಡು ಎಸಿ ಕೋಣೆಯ ಹತ್ತಿರ ಬಂದರೆ, ಸೂಪರ್‌ವೈಸರ್ ಲೋಹಿತ್ ಬಾಗಿಲಿಗೆ ಅಡ್ಡ ನಿಂತ.

"ಬಾಗಿಲು ತೆಗೆದ್ರೆ ಒಳಗೆ ಶೆಕೆಯಾಗುತ್ತೆ ಕಣಮ್ಮ. ಹುಳ ಸಂಜೆಗೂ ತಿನ್ನಲ್ಲ. ಮುಖಕ್ಕೆ ನೀರು ಚಿಮುಕಿಸು, ಸರಿಹೋಗ್ತಾಳೆ."

ಕೆಂಪಾಜಮ್ಮನಿಗೆ ಸಿಟ್ಟು ನೆತ್ತಿಗೇರಿತು.

"ಹುಳ ಊಟ ಬಿಟ್ರೆ ಗಂಟೆ ಹೊಡೀತೀರ, ಸಾರ್. ಇವಳು ಬೆಳಗ್ಗೆಯಿಂದ ಒಂದು ತುತ್ತೂ ಮುಟ್ಟಿಲ್ಲ. ಇವಳಿಗೆ ಯಾವ ಗಂಟೆ ಹೊಡೆದ್ರಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲನ್ನು ಭುಜದಿಂದ ನೂಕಿ, ಚಿಕ್ಕತಾಯಿಯನ್ನು ಹುಳದ ಡಬ್ಬಿಗಳ ನಡುವೆ ಮಲಗಿಸಿದಳು. ಹೊರಗೆ ಬಂದು ಗಂಟೆಯನ್ನು ತಾನೇ ಹೊಡೆದಳು.

ಹೆಂಗಸರೆಲ್ಲ ಒರೆಸುವ ಬಟ್ಟೆ ಬಿಸಾಕಿ ಎಸಿ ಕೋಣೆಗೆ ಬಂದರು. ಈ ಸಲ ಒಬ್ಬಳ ಕೈಯಲ್ಲೂ ಡಬ್ಬಿ ಇರಲಿಲ್ಲ.